ಹೃದಯದ ಕೋಶ ತಯಾರಾಯ್ತು, ಘಟ್ಟ ಹತ್ತಿಸೋದು ಹೇಗೆ?

ದನದ ಡಾಕ್ಟರು ಬೈಕಿನ ಹಿಂದೆ ಕಟ್ಟಿಕೊಂಡು ಬರುವ ಕ್ಯಾನ್ ನೋಡಿದ್ದೀರಲ್ವಾ? ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ. ಒಳಗೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್, ಅದರಲ್ಲಿ ಹೋರಿಯ ವೀರ್ಯ ತುಂಬಿದ ಸ್ಟ್ರಾಗಳು. ಸೋಮವಾರಪೇಟೆ, ಕುಶಾಲನಗರ ಕಡೆ ಹಸು ಸಾಕಿದವರಿಗೆ ಇದು ಹೊಸದಲ್ಲ. ಕೆಟ್ಟ ಹೃದಯದ ರಿಪೇರಿಗೆಂದು ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯನ ಹೃದಯದ ಕೋಶಗಳನ್ನು ಕೆಡದಂತೆ ಇಟ್ಟು ಸಾಗಿಸುವ ವಿದ್ಯೆಯೂ ಇದೇ ಕ್ಯಾನಿನ ವಂಶದ್ದು.

1949ರಲ್ಲಿ ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಹುಂಜದ ವೀರ್ಯವನ್ನು ಹೆಪ್ಪುಗಟ್ಟಿಸಿ ಮತ್ತೆ ಜೀವಂತವಾಗಿ ಪಡೆದರು. ಸಕ್ಕರೆ ದ್ರಾವಣ ಅಂತ ಅವರು ಬಳಸಿದ ಬಾಟಲಿಯಲ್ಲಿ ಇದ್ದದ್ದು ಗ್ಲಿಸರಾಲ್. ಲೇಬಲ್ ಅದಲುಬದಲಾಗಿತ್ತು, ಅಷ್ಟೇ. ಚಳಿಯಲ್ಲಿ ವೀರ್ಯವನ್ನು ಕಾಪಾಡಿದ್ದು ಅದೇ. 1959ರಲ್ಲಿ ಲವ್‌ಲಾಕ್ ಮತ್ತು ಬಿಷಪ್ ಇದೇ ಕೆಲಸಕ್ಕೆ ಡಿಎಂಎಸ್‌ಒ ಎಂಬ ರಾಸಾಯನಿಕ ಆಗುತ್ತದೆ ಅಂತ ತೋರಿಸಿದರು. ಇವತ್ತಿಗೂ ಹೆಚ್ಚಿನ ಲ್ಯಾಬುಗಳಲ್ಲಿ ಅದೇ ನಡೆಯುತ್ತಿದೆ.

ಇದೆಲ್ಲ ಯಾಕೆ ಬೇಕು ಅಂದರೆ, ಕೋಶದ ತುಂಬ ನೀರು. ಫ್ರೀಜರ್‌ನಲ್ಲಿಟ್ಟ ಟೊಮೆಟೊ ಹೊರಗೆ ತೆಗೆದ ಮೇಲೆ ಪಿಚಕ್ಕನೆ ಒಸರುವ ಹಾಗೆ, ಮಂಜಿನ ಹರಳು ಒಳಗಿನಿಂದಲೇ ಕೋಶವನ್ನು ಹರಿದುಹಾಕುತ್ತದೆ. ಬೇಗ ತಣ್ಣಗೆ ಮಾಡಿದರೆ ಈ ಹರಳಿನ ಕಾಟ. ತೀರಾ ನಿಧಾನ ಮಾಡಿದರೆ ಕೋಶದ ನೀರೆಲ್ಲ ಹೊರಬಿದ್ದು ಒಣಗಿ ಸಾಯುತ್ತದೆ. ಹಾಗಾಗಿ ಡಿಎಂಎಸ್‌ಒ ಬೆರೆಸಿ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ಇಳಿಸುತ್ತಾರೆ.

ಇನ್ನು ಹೃದಯದ ವಿಚಾರ. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮನುಷ್ಯ ಭ್ರೂಣದ ಸ್ಟೆಮ್ ಸೆಲ್, ಅಂದರೆ ಮುಂದೆ ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲ ಕೋಶ, ಬೆಳೆಸಿದರು. 2001ರಲ್ಲಿ ಇಸ್ರೇಲಿನ ಹೈಫಾದಲ್ಲಿ ಅಂಥ ಕೋಶಗಳು ಹೃದಯದ ಕೋಶಗಳಾಗಿ ತಟ್ಟೆಯಲ್ಲೇ ಮಿಡಿದವು. ಜಪಾನಿನ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶವನ್ನೇ ಸ್ಟೆಮ್ ಸೆಲ್ ಥರ ಮಾಡಿಬಿಟ್ಟರು, ಅದಕ್ಕೆ 2012ರಲ್ಲಿ ನೊಬೆಲ್ ಸಿಕ್ಕಿತು. ಆಮೇಲೆ ಕೋಶ ತಯಾರಿಸುವುದು ದೊಡ್ಡ ತಲೆನೋವಾಗಿ ಉಳಿಯಲಿಲ್ಲ. ಬೇಕಾಗುವ ಪ್ರಮಾಣ ಮಾತ್ರ ಕಡಿಮೆಯದಲ್ಲ. ಒಂದು ದೊಡ್ಡ ಹಾರ್ಟ್ ಅಟ್ಯಾಕ್‌ನಲ್ಲಿ 100 ಕೋಟಿಯಷ್ಟು ಕೋಶ ಸಾಯಬಹುದು.

ತೊಡಕು ಇಲ್ಲಿಯೇ ಇರೋದು. ವೀರ್ಯವಾದರೆ ಅರ್ಧ ಸತ್ತರೂ ಉಳಿದದ್ದು ಸಾಕು. ಬೇರೆ ಎಷ್ಟೋ ಕೋಶಗಳು ಕರಗಿಸಿದ ಮೇಲೆ ಒಂದು ಎರಡಾಗಿ ಒಡೆಯುತ್ತಾ ಮತ್ತೆ ಜಾಸ್ತಿಯಾಗುತ್ತವೆ. ಬೆಳೆದ ಹೃದಯದ ಕೋಶ ಹಾಗೆ ಹೆಚ್ಚುವುದಿಲ್ಲ, ಹೋದದ್ದು ಹೋಯಿತು. ಬದುಕಿದ್ದು ಕೂಡ ಸರಿಯಾಗಿ ಮಿಡಿಯಲು ಕೆಲವು ದಿನ ಬೇಕು. ಆದರೂ 2014ರಲ್ಲಿ ಸಿಯಾಟಲ್‌ನ ಚಾರ್ಲ್ಸ್ ಮರಿ ತಂಡ ಹೆಪ್ಪುಗಟ್ಟಿಸಿ ಕರಗಿಸಿದ 100 ಕೋಟಿ ಕೋಶಗಳನ್ನು ಮಂಗಗಳ ಹೃದಯಕ್ಕೆ ಚುಚ್ಚಿ, ಅವು ಅಲ್ಲಿ ಬೇರೂರಿದ್ದನ್ನು ತೋರಿಸಿತು. ಹೃದಯ ಬಡಿತದ ತಾಳ ತಪ್ಪಿತು, ಅದು ಬೇರೆ ತಲೆನೋವು. ಆದರೆ ಫ್ರೀಜ್ ಮಾಡಿದರೂ ಕೆಲಸಕ್ಕೆ ಬರುತ್ತದೆ ಅನ್ನೋದಂತೂ ಗೊತ್ತಾಯಿತು.

ಇನ್ನೊಂದು ದಾರಿ ಹಾಳೆಯದು. 2020ರ ಜನವರಿಯಲ್ಲಿ ಒಸಾಕಾ ವಿಶ್ವವಿದ್ಯಾಲಯದ ಯೊಶಿಕಿ ಸಾವಾ ತಂಡ ಸುಮಾರು 10 ಕೋಟಿ ಕೋಶಗಳ ತೆಳು ಹಾಳೆಗಳನ್ನು ಒಬ್ಬ ರೋಗಿಯ ಹೃದಯದ ಮೇಲೆ ಹೊದಿಸಿತು. ನೋಡಲು ಚೆಂದ. ಆದರೆ ಹಾಳೆಯಲ್ಲಿ ಕೋಶಗಳು ಒಂದಕ್ಕೊಂದು ಕೈಹಿಡಿದು ಕೂತಿರುತ್ತವೆ. ಹೆಪ್ಪುಗಟ್ಟಿಸಿದರೆ ಆ ಹಿಡಿತವೇ ಹರಿದುಹೋಗುವ ಭಯ. ಹಾಗಂತ ಜೀವಂತವಾಗಿ ಒಯ್ಯಲು ಹೊರಟರೆ ಬಿಸಿ ಏರಿಳಿಯಬಾರದು, ಕುಲುಕಬಾರದು, ದ್ರವದಲ್ಲಿ ಗುಳ್ಳೆ ಏಳಬಾರದು, ಆಮ್ಲಜನಕ ಸಾಲಬೇಕು, ಗಡಿಯಾರ ಬೇರೆ ಓಡುತ್ತಿರುತ್ತದೆ.

ಕುಲುಕಬಾರದು ಅನ್ನೋದನ್ನು ಸಂಪಾಜೆ ಘಾಟಿ ಹತ್ತಿದವರಿಗೆ ವಿವರಿಸಬೇಕಾ? ನಮ್ಮ ಕೊಡಗು ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಂಗಳೂರು ರಸ್ತೆ ಎಷ್ಟೋ ದಿನ ಬಂದ್ ಆಗಿತ್ತು. ದಾನಿಯ ಇಡೀ ಹೃದಯವನ್ನು ಐಸ್‌ನಲ್ಲಿಟ್ಟರೂ ಸಾಮಾನ್ಯವಾಗಿ 4ರಿಂದ 6 ಗಂಟೆಯಷ್ಟೇ ಅವಕಾಶ. ಜೀವಂತ ಹಾಳೆಗೂ ಇಂಥದೇ ಅವಸರ ಇದ್ದರೆ ಮಳೆಗಾಲದಲ್ಲಿ ಅದು ನಮಗಲ್ಲ.

ಫ್ರೀಜ್ ಮಾಡಿದ ಕೋಶಕ್ಕೆ ಆ ಅವಸರ ಇಲ್ಲ. ಅದನ್ನು ಸಾಗಿಸುವ ಡ್ರೈ ಶಿಪ್ಪರ್‌ನಲ್ಲಿ ನೈಟ್ರೋಜನ್ನನ್ನು ಗೋಡೆಯ ಸ್ಪಂಜಿನಂಥ ವಸ್ತು ಹೀರಿಕೊಂಡಿರುತ್ತದೆ. ಚೆಲ್ಲುವುದಿಲ್ಲ, ಒಳಗಿನ ತಂಪು ದಿನಗಟ್ಟಲೆ ಮೈನಸ್ 150ರ ಆಚೆಗೇ ನಿಲ್ಲುತ್ತದೆ, ಜೊತೆಗೊಂದು ಯಂತ್ರ ಅದನ್ನು ಬರೆದಿಡುತ್ತಾ ಹೋಗುತ್ತದೆ. ಡ್ರೈ ಐಸ್ ಆದರೆ ಬರೀ ಮೈನಸ್ 78, ಬಹಳ ದಿನಕ್ಕೆ ನಂಬುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಶಿಪ್ಪರ್‌ಗೆ ಕರೆಂಟ್ ಬೇಡ. ಜುಲೈಯಲ್ಲಿ ಒಮ್ಮೆ ಕರೆಂಟ್ ಹೋದರೆ ಬರುವುದು ಯಾವಾಗ ಅಂತ ಗೊತ್ತಿಲ್ಲದ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಪೆಟ್ಟಿಗೆ ಬಂದು ಇಳಿದ ಮಾತ್ರಕ್ಕೆ ಮುಗಿಯಲಿಲ್ಲ. 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಬೇಕು, ಡಿಎಂಎಸ್‌ಒ ತೊಳೆಯಬೇಕು, ಎಷ್ಟು ಬದುಕಿವೆ ಅಂತ ಎಣಿಸಬೇಕು, ಇದೆಲ್ಲ ಕ್ರಿಮಿ ಸೋಕದ ಕೋಣೆಯಲ್ಲಿ ಆಗಬೇಕು. ಮಡಿಕೇರಿಯಲ್ಲಿ ಈಗ ಮೆಡಿಕಲ್ ಕಾಲೇಜು ಇದೆ, ಅಂಥದೊಂದು ಕೋಣೆ ಮುಂದೊಂದು ದಿನ ಅಲ್ಲೂ ಆಗಬಾರದು ಅಂತೇನಿಲ್ಲ. ಸದ್ಯಕ್ಕೆ ಹೃದಯಕ್ಕೆ ಸ್ಟೆಮ್ ಸೆಲ್ ಕೊಡುವುದು ನಮ್ಮ ದೇಶದಲ್ಲಿ ಒಪ್ಪಿತ ಚಿಕಿತ್ಸೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಇಂಥದ್ದು ಪ್ರಯೋಗವಾಗಿ ಮಾತ್ರ ನಡೆಯಬೇಕು. ಯಾರಾದರೂ ಈಗಲೇ ದುಡ್ಡು ಕಟ್ಟಿಸಿಕೊಂಡು ಕೊಡುತ್ತೇನೆ ಅಂದರೆ, ಪ್ರಯೋಗ ಎಲ್ಲಿ ನೋಂದಣಿ ಆಗಿದೆ ಅಂತ ಮೊದಲು ಕೇಳಿ.