ಹಳದಿ ಹಕ್ಕಿಗೆ ಸಿಗದ ಎರಡನೇ ಬಿಡ್

2020ರ ಆರಂಭದಲ್ಲಿ ಬೆಂಗಳೂರಿನಿಂದ, ಹಳದಿ ಹಕ್ಕಿಯ ಗುರುತಿನ ‘ಕೂ’ ಎಂಬ ಆ್ಯಪ್ ಬಂತು. ಟ್ವಿಟರ್‌ನ ಹಾಗೆ ನಾಲ್ಕು ಸಾಲು ಬರೆದು ಹಾಕುವ ಜಾಗ. ಆದರೆ ಅದು ಮೊದಲು ಮಾತಾಡಿದ್ದು ಕನ್ನಡದಲ್ಲಿ. ಹಿಂದಿ, ಇಂಗ್ಲಿಷು ಆಮೇಲೆ ಸೇರಿಕೊಂಡವು. ಮಯಾಂಕ್ ಬಿದಾವತ್ಕಾ ಮತ್ತು ಟ್ಯಾಕ್ಸಿ ಫಾರ್ ಶ್ಯೂರ್ ಕಟ್ಟಿ ಓಲಾಕ್ಕೆ ಮಾರಿದ್ದ ಅಪ್ರಮೇಯ ರಾಧಾಕೃಷ್ಣ ಇದರ ಸ್ಥಾಪಕರು. ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಬಂತು, ಮಂತ್ರಿಗಳು ಖಾತೆ ತೆರೆದರು, ಹೂಡಿಕೆದಾರರು 6 ಕೋಟಿ ಡಾಲರ್‌ಗೂ ಹೆಚ್ಚು ಹಣ ಹಾಕಿದರು. ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ದಿನಕ್ಕೆ 21 ಲಕ್ಷ, ತಿಂಗಳಿಗೆ ಸುಮಾರು 1 ಕೋಟಿ ಜನ ಬಳಸುತ್ತಿದ್ದರು ಎಂಬುದು ಸ್ಥಾಪಕರೇ ಕೊಟ್ಟ ಲೆಕ್ಕ. 2024ರ ಜುಲೈನಲ್ಲಿ ಹಳದಿ ಹಕ್ಕಿ ಬಾಗಿಲು ಹಾಕಿತು.

ಮುಚ್ಚಿದ ಮೇಲೆ ಕಾರಣ ಹೇಳುವವರಿಗೇನು ಬರ? ಟ್ವಿಟರ್ ಬಿಟ್ಟು ಜನ ಬರಲಿಲ್ಲ ಎಂದರು, ಸ್ವದೇಶಿ ಉತ್ಸಾಹ ಇಳಿಯಿತು ಎಂದರು, ಹೂಡಿಕೆಯ ಹಣ ಬತ್ತಿತು ಎಂದರು. ಯಾವುದೂ ಪೂರ್ತಿ ಸುಳ್ಳಲ್ಲ. ಆದರೂ ತಿಂಗಳಿಗೆ ಒಂದು ಕೋಟಿ ಜನ ಬಂದುಹೋಗುವ ಜಾಗ ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳಲಾರದು ಎಂದರೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಅದಕ್ಕೆ ಉತ್ತರ ಬೇಕಿದ್ದರೆ ಜಾಹೀರಾತಿನ ಹಣ ಹುಟ್ಟುವ ಗಳಿಗೆಯನ್ನೇ ಹತ್ತಿರದಿಂದ ನೋಡಬೇಕು.

ನೀವು ಮೊಬೈಲ್‌ನಲ್ಲಿ ಬೆರಳಾಡಿಸುತ್ತ ಕೆಳಗೆ ಹೋಗುತ್ತೀರಿ. ಮುಂದಿನ ಪೋಸ್ಟ್ ಕಾಣಿಸುವ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತಿನೊಳಗೆ, ಅಲ್ಲಿ ಯಾರ ಜಾಹೀರಾತು ತೋರಿಸಬೇಕೆಂದು ಒಂದು ಹರಾಜು ನಡೆದು ಮುಗಿದಿರುತ್ತದೆ. ಮೂವರು ಬಿಡ್ ಮಾಡಿದ್ದಾರೆ ಅಂದುಕೊಳ್ಳಿ. ದಾವಣಗೆರೆಯ ಒಂದು ಸೀರೆ ಅಂಗಡಿ ಕ್ಲಿಕ್ಕಿಗೆ 5 ರೂಪಾಯಿ ಕೊಡುತ್ತದೆ, ಬೆಂಗಳೂರಿನ ಬಿಲ್ಡರ್ 40, ಒಂದು ಕೋಚಿಂಗ್ ಸೆಂಟರ್ 6. ಬಿಲ್ಡರೇ ಗೆಲ್ಲಬೇಕಲ್ಲವೇ? ಇಲ್ಲ. ನೀವು ಒತ್ತುವ ಸಂಭವ ಎಷ್ಟು ಎಂದು ಯಂತ್ರ ಮೊದಲೇ ಅಂದಾಜು ಹಾಕುತ್ತದೆ. ಸೀರೆಯ ಜಾಹೀರಾತನ್ನು ನೂರರಲ್ಲಿ 2 ಸಲ ಒತ್ತುವವರು ನೀವು, ಫ್ಲ್ಯಾಟಿನದನ್ನು ಸಾವಿರಕ್ಕೊಮ್ಮೆ, ಕೋಚಿಂಗಿನದನ್ನು ಇನ್ನೂರಕ್ಕೊಮ್ಮೆ. ಗುಣಿಸಿದರೆ ಒಂದು ಸಲ ತೋರಿಸಿದ್ದಕ್ಕೆ ಸೀರೆ ಅಂಗಡಿಯಿಂದ ಸರಾಸರಿ 10 ಪೈಸೆ, ಬಿಲ್ಡರ್‌ನಿಂದ 4, ಕೋಚಿಂಗ್‌ನಿಂದ 3 ಪೈಸೆ ಬರುತ್ತದೆ. ಸೀರೆಗೇ ಜಾಗ.

ಆದರೆ ಸೀರೆ ಅಂಗಡಿ 10 ಪೈಸೆಯನ್ನೂ ಕೊಡಬೇಕಿಲ್ಲ. ತನ್ನ ಹಿಂದಿನವನ 4 ಪೈಸೆಯನ್ನು ಸರಿಗಟ್ಟಿದರೆ ಸಾಕು, ಅಂದರೆ ಕ್ಲಿಕ್ಕಿಗೆ 2 ರೂಪಾಯಿ. ಇಂದಿನ ಸೂತ್ರಗಳು ಇದಕ್ಕಿಂತ ತೊಡಕಿನವು, ಒಂದೊಂದು ಕಂಪನಿಯದು ಒಂದೊಂದು ತರ. ಇವುಗಳ ಮೂಲ ತತ್ವ ಮಾತ್ರ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಬರೆದಿಟ್ಟದ್ದು. ಗೆದ್ದವನು ಎರಡನೆಯವನ ಬೆಲೆ ಕೊಡಲಿ, ಆಗ ಯಾರೂ ಚೌಕಾಸಿ ಮಾಡದೆ ಮನಸ್ಸಿನಲ್ಲಿದ್ದ ಬೆಲೆಯನ್ನೇ ಹೇಳುತ್ತಾರೆ ಎಂಬುದು ಅವರ ವಾದ. 1996ರಲ್ಲಿ ನೊಬೆಲ್ ಘೋಷಣೆಯಾದ ಮೂರನೇ ದಿನಕ್ಕೆ ಅವರು ತೀರಿಕೊಂಡರು. ಗೂಗಲ್ ಕಂಪನಿ ಹುಟ್ಟಲು ಇನ್ನೂ ಎರಡು ವರ್ಷವಿತ್ತು.

ಈಗ ಬಿಲ್ಡರ್‌ನನ್ನು ಹರಾಜಿನಿಂದ ಎಬ್ಬಿಸಿ ನೋಡಿ. ಸೀರೆ ಅಂಗಡಿ ಕೊಡುವುದು ಒಂದೂವರೆ ರೂಪಾಯಿಗೆ ಇಳಿಯಿತು. ಕೋಚಿಂಗ್ ಸೆಂಟರನ್ನೂ ಎಬ್ಬಿಸಿ. ಉಳಿಯುವುದು ಆ್ಯಪ್‌ನ ಕಂಪನಿ ತಾನೇ ಇಟ್ಟ ಕನಿಷ್ಠ ಬೆಲೆ, ಕೆಲವೇ ಪೈಸೆ. ಓದುಗರಾಗಿ ನೀವು ಬದಲಾಗಿಲ್ಲ, ನಿಮ್ಮ ಬೆರಳೂ ಅದೇ, ಸೀರೆಯ ಆಸೆಯೂ ಅದೇ. ಕೋಲಾರದ ಮಂಡಿಗೆ ಎಂಥ ಟೊಮೆಟೊ ತಂದರೂ ಕೂಗುವವನು ಒಬ್ಬನೇ ಇದ್ದರೆ ಆ ದಿನದ ಬೆಲೆ ಗೊತ್ತೇ ಇದೆ. ಸಾಮಾಜಿಕ ಜಾಲದ ಆದಾಯವನ್ನು ತೀರ್ಮಾನಿಸುವುದು ಅಲ್ಲಿ ಸೇರಿದ ಜನರಿಗಿಂತ ಹೆಚ್ಚಾಗಿ ಆ ಜನರಿಗಾಗಿ ಪೈಪೋಟಿ ಮಾಡುವ ಅಂಗಡಿಗಳು.

ಹೊಸ ಜಾಲಕ್ಕೆ ಅಂಗಡಿಗಳು ಯಾಕೆ ಬರುವುದಿಲ್ಲ? ದಾವಣಗೆರೆಯ ಅಂಗಡಿಯವರಿಗೆ ಗಿರಾಕಿಗಳು ಇನ್‌ಸ್ಟಾಗ್ರಾಂನಲ್ಲೇ ಸಿಗುತ್ತಿದ್ದಾರೆ. ಇನ್ನೊಂದು ಕಡೆ ಖಾತೆ ತೆರೆದು, ಇನ್ನೊಂದು ಲೆಕ್ಕ ಇಡುವ ತಲೆನೋವು ಯಾರಿಗೆ ಬೇಕು? ಇದಕ್ಕಿಂತ ದೊಡ್ಡ ತೊಡಕು ಆ ‘ನೂರರಲ್ಲಿ 2’ ಎಂಬ ಅಂದಾಜಿನಲ್ಲಿದೆ. ಕೋಟಿಗಟ್ಟಲೆ ಹಳೆಯ ಕ್ಲಿಕ್ಕುಗಳ ದಾಖಲೆ ಇದ್ದವರಿಗಷ್ಟೇ ಅದು ನಿಖರವಾಗಿ ಗೊತ್ತಾಗುವುದು. ದಾಖಲೆ ಇಲ್ಲದವರು ಸೀರೆ ಬೇಡದವರಿಗೆ ಸೀರೆ ತೋರಿಸುತ್ತಾರೆ, ಅಂಗಡಿಯ ದುಡ್ಡು ದಂಡವಾಗುತ್ತದೆ, ಅಂಗಡಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಜಾಹೀರಾತು ಇಲ್ಲದೆ ದಾಖಲೆ ಹುಟ್ಟದು, ದಾಖಲೆ ಇಲ್ಲದೆ ಜಾಹೀರಾತು ನಿಲ್ಲದು.

ದೊಡ್ಡವರಿಗೂ ಎಲ್ಲ ಊರಿನ ಜನ ಒಂದೇ ಬೆಲೆಗೆ ಹೋಗುವುದಿಲ್ಲ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್‌ಗೆ ಅಮೆರಿಕ ಮತ್ತು ಕೆನಡಾದ ಒಬ್ಬೊಬ್ಬ ಬಳಕೆದಾರರಿಂದ ಬಂದದ್ದು ಸುಮಾರು 68 ಡಾಲರ್. ಏಷ್ಯಾ–ಪೆಸಿಫಿಕ್ ಪ್ರದೇಶದಲ್ಲಿ 5.5 ಡಾಲರ್. ಅದೂ ಜಪಾನ್, ಆಸ್ಟ್ರೇಲಿಯಾದಂಥ ಸಿರಿವಂತ ದೇಶಗಳನ್ನು ಸೇರಿಸಿದ ಸರಾಸರಿ. ಭಾರತದ ಬಳಕೆದಾರರಿಂದ ಬರುವುದು ಇನ್ನೂ ಕಡಿಮೆ ಎಂದು ಊಹಿಸಲು ದೊಡ್ಡ ಗಣಿತ ಬೇಡ. ಹಳೆಯ ಸಾಮಾಜಿಕ ಜಾಲ ಆರ್ಕುಟ್ ನೆನಪಿರುವವರು ಇದನ್ನೂ ಗಮನಿಸಬೇಕು: ಅದರಲ್ಲಿ ತುಂಬಿಕೊಂಡವರು ಬ್ರೆಜಿಲ್‌ನವರು ಮತ್ತು ನಾವು. ಗೂಗಲ್‌ನ ಬೆನ್ನಿದ್ದೂ 2014ರ ಸೆಪ್ಟೆಂಬರ್ 30ಕ್ಕೆ ಅದು ಮುಗಿಯಿತು.

ಖರ್ಚಿಗೆ ಮಾತ್ರ ಇಂಥ ರಿಯಾಯಿತಿ ಇಲ್ಲ. ಫೇಸ್‌ಬುಕ್‌ಗಿಂತ ಮೊದಲೇ ಬಂದ ಫ್ರೆಂಡ್‌ಸ್ಟರ್‌ನಲ್ಲಿ ನೀವು ನೋಡುತ್ತಿರುವ ವ್ಯಕ್ತಿ ನಿಮಗೆ ಯಾರ ಮೂಲಕ ಪರಿಚಯ ಎಂದು ತೋರಿಸುವ ಸೌಲಭ್ಯವಿತ್ತು. ಒಬ್ಬರಿಗೆ 100 ಗೆಳೆಯರಿದ್ದರೆ ಅವರ ಗೆಳೆಯರು 10 ಸಾವಿರ, ಅವರ ಗೆಳೆಯರು 10 ಲಕ್ಷ. ಪುನರಾವರ್ತನೆ ಕಳೆದರೂ ಒಂದು ಪುಟ ತೆರೆಯಲು ಇಷ್ಟನ್ನೆಲ್ಲ ಜಾಲಾಡಬೇಕು. ಪುಟಗಳು ತೆರೆಯದೆ ಜನ ಬೇಸತ್ತು ಮೈಸ್ಪೇಸ್ ಎಂಬ ಇನ್ನೊಂದು ಜಾಲಕ್ಕೆ ಹೋದರು. 2003ರಲ್ಲಿ ಗೂಗಲ್ 3 ಕೋಟಿ ಡಾಲರ್ ಕೊಡುತ್ತೇನೆಂದರೂ ಸ್ಥಾಪಕ ಜೊನಾಥನ್ ಅಬ್ರಾಮ್ಸ್ ಮಾರಿರಲಿಲ್ಲ. ಈಗ ತಂತ್ರಜ್ಞಾನ ಸುಧಾರಿಸಿದೆ, ಆದರೆ ವಿಡಿಯೊ, ಅನುವಾದ, ನೋಟಿಫಿಕೇಶನ್ ಎಂದು ಕೆಲಸವೂ ಬೆಳೆದಿದೆ. ಸರ್ವರ್ ಬಾಡಿಗೆ ಕನ್ನಡಕ್ಕೊಂದು, ಇಂಗ್ಲಿಷ್‌ಗೊಂದು ಎಂದಿಲ್ಲ. ಕೂ ಸ್ಥಾಪಕರ ವಿದಾಯದ ಟಿಪ್ಪಣಿಯಲ್ಲೂ ತಂತ್ರಜ್ಞಾನದ ಖರ್ಚಿನ ಮಾತಿತ್ತು.

ಹಾಗಿದ್ದರೆ ಬಳಸುವವರಿಂದಲೇ ವಸೂಲಿ ಮಾಡಬಾರದೇ? ಮಾಡಿ ನೋಡಿದ್ದಾರೆ. 2012ರಲ್ಲಿ ಅಮೆರಿಕದ ಡಾಲ್ಟನ್ ಕಾಲ್ಡ್‌ವೆಲ್ ಜಾಹೀರಾತೇ ಇಲ್ಲದ ಆ್ಯಪ್‌ಡಾಟ್‌ನೆಟ್ ಶುರು ಮಾಡಿದರು, ವರ್ಷಕ್ಕೆ 50 ಡಾಲರ್. ಜನರೇ ಮುಂಗಡವಾಗಿ 5 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟರು. 2017ರಲ್ಲಿ ಮುಚ್ಚಿತು. ನಿಮ್ಮ ಅಕ್ಕ, ಸಹೋದ್ಯೋಗಿ, ಮೆಚ್ಚಿನ ನಟ ಎಲ್ಲರೂ ಇದ್ದರೆ ಮಾತ್ರ ಇಂಥ ಜಾಗಕ್ಕೆ ಅರ್ಥ. ಬಾಗಿಲಲ್ಲೇ ಟಿಕೆಟ್ ಕೇಳಿದರೆ ಅವರು ಬರುವುದಿಲ್ಲ, ಅವರಿಲ್ಲದ ಮೇಲೆ ನೀವೂ ಇರುವುದಿಲ್ಲ. ವಾಟ್ಸ್‌ಆ್ಯಪ್ ವರ್ಷಕ್ಕೆ ಒಂದು ಡಾಲರ್‌ನಷ್ಟು ಕೇಳುತ್ತಿತ್ತು. 2016ರ ಜನವರಿಯಲ್ಲಿ ಅದನ್ನೂ ಕೈಬಿಟ್ಟು, ಎಷ್ಟೋ ಜನರ ಬಳಿ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡೇ ಇಲ್ಲ ಎಂದು ಕಾರಣ ಕೊಟ್ಟಿತು. ಅದೇ ವರ್ಷ ನಮ್ಮಲ್ಲಿ ಯುಪಿಐ ಬಂತು. ಅಷ್ಟರಲ್ಲಿ ಪುಕ್ಕಟೆಯ ರೂಢಿ ಬೇರೂರಿತ್ತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಗಪ್‌ಶಪ್‌ನ ಹಾದಿ. ಒಂದು ಎಸ್ಸೆಮ್ಮೆಸ್ ಕಳಿಸಿದರೆ ಇಡೀ ಗುಂಪಿಗೆ ತಲುಪಿಸುವ ಪುಕ್ಕಟೆ ಸೇವೆಯಾಗಿ ಅದು ಜನಪ್ರಿಯವಾಯಿತು. ಪ್ರತಿ ಸಂದೇಶಕ್ಕೂ ಮೊಬೈಲ್ ಕಂಪನಿಗಳಿಗೆ ದುಡ್ಡು ಕಟ್ಟಬೇಕಾದದ್ದು ಗಪ್‌ಶಪ್ಪೇ, ಹಾಗಾಗಿ ಜನ ಹರಟಿದಷ್ಟೂ ನಷ್ಟ. ಕೊನೆಗೆ ಹರಟೆ ಬಿಟ್ಟು, ಬ್ಯಾಂಕು–ಅಂಗಡಿಗಳ ಸಂದೇಶಗಳನ್ನು ಗಿರಾಕಿಗಳಿಗೆ ಮುಟ್ಟಿಸುವ ಕೆಲಸ ಹಿಡಿಯಿತು. 2021ರಲ್ಲಿ ಹೂಡಿಕೆದಾರರು ಅದಕ್ಕೆ 140 ಕೋಟಿ ಡಾಲರ್ ಬೆಲೆ ಕಟ್ಟಿದರು. 2018ರಿಂದ ವಾಟ್ಸ್‌ಆ್ಯಪ್ ಕೂಡ ದೊಡ್ಡ ಸಂಸ್ಥೆಗಳಿಂದ ಇದೇ ರೀತಿ ಶುಲ್ಕ ಪಡೆಯುತ್ತಿದೆ. ಬ್ಯಾಂಕಿನ ಒಟಿಪಿಗೆ ಹರಾಜಿಲ್ಲ, ಎರಡನೇ ಬಿಡ್‌ನ ಹಂಗೂ ಇಲ್ಲ. ಮುಟ್ಟಿದ ಸಂದೇಶಕ್ಕೆ ನಿಗದಿಯಾದ ದರ. ಬೆಂಗಳೂರಿನ ಶೇರ್‌ಚಾಟ್ ಜಾಹೀರಾತಿನ ಜೊತೆಗೆ ಇನ್ನೊಂದು ದಾರಿ ಹಿಡಿದಿದೆ: ಅದರ ಆಡಿಯೊ ಚಾಟ್‌ರೂಮ್‌ಗಳಲ್ಲಿ ಮಾತಾಡುವವರಿಗೆ ಕೇಳುಗರು ದುಡ್ಡು ಕೊಟ್ಟು ವರ್ಚುವಲ್ ಉಡುಗೊರೆ ಕಳಿಸುತ್ತಾರೆ, ಅದರಲ್ಲಿ ಕಂಪನಿಗೂ ಪಾಲು. ಹತ್ತು–ಇಪ್ಪತ್ತು ರೂಪಾಯಿಯನ್ನು ಯುಪಿಐನಲ್ಲಿ ಕಳಿಸುವುದು ಈಗ ಯಾರಿಗೂ ಕಷ್ಟವಲ್ಲ. ಕನ್ನಡದಂಥ ಭಾಷೆಗಳ ಜಾಲಕ್ಕೆ ಜಾಹೀರಾತಿನ ಹರಾಜಿಗಿಂತ ಇದೇ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಆದರೆ ಸರ್ವರ್ ಬಾಡಿಗೆ ತೆರುವಷ್ಟು ದೊಡ್ಡ ಮೊತ್ತ ಇಂಥ ಚಿಲ್ಲರೆಯಿಂದ ಕೂಡಬೇಕಾದರೆ, ಸುಮ್ಮನೆ ಕೇಳಿ ಹೋಗುವ ಬಹುಪಾಲು ಜನರ ಭಾರವನ್ನೂ ಉಡುಗೊರೆ ಕಳಿಸುವ ಕೆಲವರೇ ಹೊರಬೇಕು.