ನೇರಳೆ ಬೀಜ ಹಗೇವಿನಲ್ಲಿ ಉಳಿಯುವುದಿಲ್ಲ

ನೇರಳೆ ಹಣ್ಣು ತಿಂದು ಬೀಜವನ್ನು ಸುಮ್ನೆ ಕಿಟಕಿಯ ಮೇಲೆ ಇಟ್ಟು ನೋಡಿ. ಕೆಲವೇ ದಿನಗಳಲ್ಲಿ ಸಿಪ್ಪೆ ಸುಕ್ಕಾಗುತ್ತದೆ, ಒಳಗಿನ ಹಸಿರು ಬೇಳೆ ಒಣಗುತ್ತದೆ. ಆಮೇಲೆ ಬಿತ್ತಿದರೆ ಮೊಳಕೆ ಬರುವುದು ಕಷ್ಟ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ನೇರಳೆ, ಹಲಸಿನ ಬೀಜಕ್ಕೆ ಆ ಭಾಗ್ಯವಿಲ್ಲ. ಓಕ್ ಮರದ ಬೀಜವೂ ಹೀಗೇ. ಇಂಥ ಮರಗಳನ್ನು ಉಳಿಸಬೇಕೆಂದರೆ ಮರವಾಗಿಯೇ ಬೆಳೆಸಿ ಇಟ್ಟುಕೊಳ್ಳಬೇಕು. ವೃಕ್ಷೋದ್ಯಾನಗಳು ಬೇಕಾಗುವುದು ಅದಕ್ಕೇ.

ಆದರೆ ಒಂದೇ ತೋಟ ಸಾಕಾ? 1765ರಲ್ಲಿ ಅಮೆರಿಕದ ಜಾರ್ಜಿಯಾದ ಹೊಳೆದಂಡೆಯಲ್ಲಿ ಸಸ್ಯತಜ್ಞ ಜಾನ್ ಬಾರ್ಟ್ರಮ್ ಮತ್ತು ಅವರ ಮಗ ವಿಲಿಯಂ ಫ್ರಾಂಕ್ಲಿನಿಯಾ ಎಂಬ ಅಪರೂಪದ ಮರ ಕಂಡರು. ಮುಂದೆ ಮಗ ಅದರ ಬೀಜ ತಂದು ಫಿಲಡೆಲ್ಫಿಯಾದ ತಮ್ಮ ತೋಟದಲ್ಲಿ ಬೆಳೆಸಿದರು. 1803ರ ನಂತರ ಕಾಡಿನಲ್ಲಿ ಆ ಮರ ಮತ್ತೆ ಸಿಗಲಿಲ್ಲ. ಈಗಿರುವ ಫ್ರಾಂಕ್ಲಿನಿಯಾ ಮರಗಳೆಲ್ಲ ಆ ತೋಟದ ಸಂತಾನ. ಅಲ್ಲಿಂದ ಊರೂರಿಗೆ ಹಂಚಿದ್ದರಿಂದಲೇ ಅದು ಉಳಿಯಿತು.

ಹಂಚದಿದ್ದರೆ ಏನಾಗಬಹುದು ಎನ್ನುವುದಕ್ಕೆ 1987ರ ಅಕ್ಟೋಬರ್ ನೋಡಿ. ಒಂದೇ ರಾತ್ರಿಯ ಬಿರುಗಾಳಿಗೆ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಸುಮಾರು 700 ಮರ ಹೋದವು. ಜಗತ್ತಿನ ಸಸ್ಯೋದ್ಯಾನಗಳನ್ನು ಬೆಸೆಯುವ ಬಿಜಿಸಿಐ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. 2011ರಲ್ಲಿ ಅಮೆರಿಕದ ಮಾರ್ಟನ್ ವೃಕ್ಷೋದ್ಯಾನ 'ಆರ್ಬ್‌ನೆಟ್' ಶುರು ಮಾಡಿತು. ಮರಗಳ ತೋಟಗಳು ಅನುಭವ ಹಂಚಿಕೊಳ್ಳಲು ಅದೊಂದು ಜಾಲ. 2021ರ ಬಿಜಿಸಿಐ ವರದಿಯಂತೆ ಜಗತ್ತಿನ ಸುಮಾರು 58,500 ಜಾತಿಯ ಮರಗಳಲ್ಲಿ 17,500 ಅಪಾಯದಲ್ಲಿವೆ. ಹೆಚ್ಚುಕಡಿಮೆ ಮೂರರಲ್ಲಿ ಒಂದು.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಒಂದು ಸಣ್ಣ ಕೆಲಸ: ಮರಕ್ಕೆ ಕಟ್ಟುವ ಚೀಟಿ. ತಗಡಿನ ತುಂಡಿನ ಮೇಲೆ ಒಂದು ನಂಬರ್, ದಫ್ತರದಲ್ಲಿ ಅದರ ಕತೆ. ಬೀಜ ಯಾವ ಗುಡ್ಡದ್ದು, ಯಾವ ವರ್ಷದ್ದು. ಚಿತ್ರದುರ್ಗದ ಒಣ ಕಾಡಿನ ಕಮರ ಮರವನ್ನೇ ತಗೊಳ್ಳಿ. ಎರಡು ಎಲೆ ಬುಡದಲ್ಲಿ ಅಂಟಿಕೊಂಡು ಚಿಟ್ಟೆಯ ಹಾಗೆ ಕಾಣುತ್ತವೆ. ಕಟ್ಟಿಗೆಯಂತೂ ಕೊಡಲಿಗೆ ಸುಲಭಕ್ಕೆ ಜಗ್ಗದು. ಈ ಕಮರ ಮಹಾರಾಷ್ಟ್ರದಲ್ಲೂ ಇದೆ. ನಮ್ಮ ಮಳೆಗೆ ಒಗ್ಗಿದ ಮರದ ಬೀಜ ಯಾವುದು, ಹೊರಗಿನಿಂದ ಬಂದದ್ದು ಯಾವುದು ಅಂತ ಆ ಚೀಟಿ ಇಲ್ಲದೆ ಹೇಳುವುದು ಹೇಗೆ? ನಾವು ಗಿಡ ನೆಡುತ್ತೇವೆ, ಫೋಟೊ ತೆಗೆಯುತ್ತೇವೆ, ಬರೆದಿಡುವುದನ್ನು ಮರೆಯುತ್ತೇವೆ. ಅದು ನನ್ನನ್ನು ಕಾಡುತ್ತದೆ.

ವೃಕ್ಷೋದ್ಯಾನಗಳಿಗೆ ಆರ್ಬ್‌ನೆಟ್ ಕೊಡುವ ಮೊದಲ ಹಂತದ ಮಾನ್ಯತೆಗೆ ಬೇಕಾದದ್ದು ಕನಿಷ್ಠ 25 ಬಗೆಯ ಮರಗಿಡ, ನೋಡಿಕೊಳ್ಳಲು ಒಬ್ಬರು, ಒಂದು ಯೋಜನೆ, ಜನರಿಗೆ ಪ್ರವೇಶ, ವರ್ಷಕ್ಕೊಂದು ಕಾರ್ಯಕ್ರಮ. ದಾವಣಗೆರೆಯ ಒಂದು ಕಾಲೇಜಿನ ಅಂಗಳಕ್ಕೆ ಇದು ದೊಡ್ಡದಲ್ಲ ಅಲ್ವಾ? ಅಲ್ಲಿನ ನೇರಳೆ ದುರ್ಗಕ್ಕೆ, ದುರ್ಗದ ಕಮರ ಅಲ್ಲಿಗೆ ಹೋಗಬಹುದು. ನೇರಳೆ ಹಣ್ಣು ಉದುರುವುದು ಮುಂಗಾರಿನ ಹೊತ್ತಿಗೆ. ಬೀಜ ಬಿದ್ದ ವಾರದೊಳಗೆ ಬಸ್ಸು ಹತ್ತಬೇಕು, ಚೀಟಿಯ ಸಮೇತ.