ಡ್ರಿಲ್ ನಡುವೆ ಡಿಗ್ರಿ: ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವ ದಾರಿ ಗೋಜಲಾಗಿದ್ದು ಹೇಗೆ?

ಅಮೆರಿಕದ ನ್ಯಾಷನಲ್ ಗಾರ್ಡ್ ಮತ್ತು ರಿಸರ್ವ್ ಪಡೆಗಳಲ್ಲಿ ಇರುವವರು ಹೆಚ್ಚಾಗಿ ಅರೆಕಾಲಿಕ ಸೈನಿಕರು. ತಿಂಗಳಿಗೊಂದು ಶನಿವಾರ, ಭಾನುವಾರ ಡ್ರಿಲ್. ವರ್ಷಕ್ಕೆ ಎರಡು ವಾರ ತರಬೇತಿ. ಉಳಿದ ದಿನ ಬೇರೆ ಕೆಲಸ, ಅದರ ಜೊತೆಗೆ ಎಷ್ಟೋ ಜನರಿಗೆ ಕಾಲೇಜು. ಇವರಿಗೆ ಒಂದು ಒಳದಾರಿ ಇದೆ. ತರಗತಿಯಲ್ಲಿ ಕೂರದೆ, ಒಂದೂವರೆ ಗಂಟೆಯ ಪರೀಕ್ಷೆ ಪಾಸು ಮಾಡಿ ಆ ವಿಷಯದ ಕ್ರೆಡಿಟ್, ಅಂದರೆ ಪದವಿಗೆ ಲೆಕ್ಕವಾಗುವ ಕಲಿಕೆಯ ಅಂಶ, ಪಡೆಯಬಹುದು. ಪದವಿಗೆ ಸುಮಾರು 120 ಕ್ರೆಡಿಟ್ ಬೇಕು. ಒಂದು ಪರೀಕ್ಷೆಗೆ ಸಾಮಾನ್ಯವಾಗಿ 3 ಸಿಗುತ್ತದೆ. ಕೇಳಲು ಸರಳ, ಅಲ್ವಾ? ಆದರೆ ಫೀಸು ಯಾರು ಕಟ್ಟುತ್ತಾರೆ, ಯಾವ ಕಾಲೇಜು ಎಷ್ಟು ಒಪ್ಪುತ್ತದೆ ಎಂದು ಕೇಳಿ ನೋಡಿ. ಹತ್ತು ಕಡೆ ಹತ್ತು ಉತ್ತರ ಸಿಗುತ್ತದೆ.

ಮೊದಲ ಮಹಾಯುದ್ಧ ಮುಗಿದಾಗ ಹಲವು ಕಾಲೇಜುಗಳು, ಸೇನೆಯಲ್ಲಿ ಇದ್ದರು ಎಂಬ ಒಂದೇ ಕಾರಣಕ್ಕೆ ಸಾರಾಸಗಟಾಗಿ ಕ್ರೆಡಿಟ್ ಕೊಟ್ಟುಬಿಟ್ಟವು. ಅದು ಸರಿಹೋಗಲಿಲ್ಲ. ಹಾಗಾಗಿ ಎರಡನೇ ಮಹಾಯುದ್ಧದಲ್ಲಿ ಲೆಕ್ಕ ಬದಲಾಯಿತು: ಎಷ್ಟು ದಿನ ಇದ್ದಿರಿ ಎಂದು ಕೇಳುವುದು ಬೇಡ, ಏನು ಕಲಿತಿರಿ ಎಂದು ನೋಡೋಣ. 1942ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಸೇನೆ ಒಂದು ಅಂಚೆ ಶಿಕ್ಷಣ ಸಂಸ್ಥೆ ತೆರೆಯಿತು. ಮುಂದೆ ಅದರ ಹೆಸರು ಯುಸಾಫಿ (ಯುನೈಟೆಡ್ ಸ್ಟೇಟ್ಸ್ ಆರ್ಮ್ಡ್ ಫೋರ್ಸಸ್ ಇನ್‌ಸ್ಟಿಟ್ಯೂಟ್) ಎಂದಾಯಿತು. ಅದರ ಪರೀಕ್ಷೆಗಳ ಹೊಣೆಯನ್ನು ಶಿಕ್ಷಣ ತಜ್ಞ ರಾಲ್ಫ್ ಟೈಲರ್ ಹೊತ್ತಿದ್ದರು. ಹೈಸ್ಕೂಲು ಬಿಟ್ಟವರು ಇವತ್ತಿಗೂ ಬರೆಯುವ ಜಿಇಡಿ ಪರೀಕ್ಷೆ ಹುಟ್ಟಿದ್ದೂ ಅದೇ ಕಾಲದಲ್ಲಿ.

ನನಗೆ ಮುಖ್ಯ ಅನಿಸುವುದು 1967ರಿಂದ 1974ರವರೆಗಿನ ಏಳು ವರ್ಷ. ಇವತ್ತಿನ ಗೋಜಲಿನ ಬೇರು ಅಲ್ಲಿದೆ. 1967ರಲ್ಲಿ ಕಾಲೇಜ್ ಬೋರ್ಡ್ ಎಂಬ ಪರೀಕ್ಷಾ ಸಂಸ್ಥೆ ಕ್ಲೆಪ್ ಶುರು ಮಾಡಿತು. ಮೊದಲು ಹೇಳಿದ ಒಂದೂವರೆ ಗಂಟೆಯ ಪರೀಕ್ಷೆ ಇದೇ. ಇದು ಸೈನಿಕರಿಗೆ ಮಾತ್ರ ಅಲ್ಲ, ಎಲ್ಲರಿಗೂ. 1971ರಲ್ಲಿ ನ್ಯೂಯಾರ್ಕ್, 1972ರಲ್ಲಿ ನ್ಯೂಜೆರ್ಸಿ, 1973ರಲ್ಲಿ ಕನೆಕ್ಟಿಕಟ್ ಹೊಸ ಬಗೆಯ ಕಾಲೇಜುಗಳಿಗೆ ಬಾಗಿಲು ತೆರೆದವು. ಎಲ್ಲಿ ಕಲಿತರೂ ಸರಿ, ಕಲಿತದ್ದನ್ನು ತೋರಿಸಿದರೆ ಪದವಿ ಕೊಡುವ ಕಾಲೇಜುಗಳು ಅವು. 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಿತು. ಇನ್ನು ಯುವಕರನ್ನು ಒಲಿಸಿ ಕರೆತರಬೇಕು. ಓದಿಸುತ್ತೇವೆ ಎಂಬ ಮಾತಿಗೆ ಒಮ್ಮೆಲೇ ಬೆಲೆ ಬಂತು.

ಆದರೆ ಮರುವರ್ಷವೇ, ಅಂದರೆ 1974ರಲ್ಲಿ, ಯುಸಾಫಿ ಮುಚ್ಚಿತು. ಅದರ ಜಾಗಕ್ಕೆ ಬಂದ ರಕ್ಷಣಾ ಇಲಾಖೆಯ ಡಾಂಟೆಸ್ ಪಾಠ ಹೇಳುವ ಸಂಸ್ಥೆ ಅಲ್ಲ. ಅದು ಪರೀಕ್ಷೆಗೆ ವ್ಯವಸ್ಥೆ ಮಾಡುತ್ತದೆ, ಹಣ ಕೊಡುತ್ತದೆ. ಅದರ ಕೈಯಲ್ಲೇ ಇದ್ದ, ಕ್ಲೆಪ್‌ನಂಥವೇ ಆದ ಡಿಎಸ್‌ಎಸ್‌ಟಿ ಪರೀಕ್ಷೆಗಳೂ 2004ರಲ್ಲಿ ಪ್ರೊಮೆಟ್ರಿಕ್ ಕಂಪನಿಗೆ ಹೋದವು. ಹೀಗೆ ಒಂದು ಕೆಲಸ ನಾಲ್ಕು ಕಡೆ ಹಂಚಿಹೋಯಿತು. ಪರೀಕ್ಷೆ ಮಾಡುವವರು ಒಬ್ಬರು. ಹಣ ಕೊಡುವವರು ಇನ್ನೊಬ್ಬರು. ಎಷ್ಟು ಅಂಕಕ್ಕೆ ಎಷ್ಟು ಕ್ರೆಡಿಟ್ ಎಂದು ಶಿಫಾರಸು ಮಾಡುವುದು ಕಾಲೇಜುಗಳ ಒಕ್ಕೂಟವಾದ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್. ಕೊನೆಗೆ ಒಪ್ಪುವುದು, ಬಿಡುವುದು ಆಯಾ ಕಾಲೇಜು. ಕ್ಲೆಪ್‌ನಲ್ಲಿ 20ರಿಂದ 80ರವರೆಗೆ ಅಂಕ. ಕೌನ್ಸಿಲ್ ಹೇಳುವುದು 50 ಸಾಕು ಎಂದು. ಅದಕ್ಕಿಂತ ಜಾಸ್ತಿ ಕೇಳುವ ಕಾಲೇಜುಗಳೂ ಇವೆ.

ಇನ್ನು ಅರೆಕಾಲಿಕರ ಕಥೆ. ಸೈನಿಕರ ಓದಿಗೆ ಹಣ ಕೊಡುವ 1944ರ ಕಾನೂನು, ಜಿಐ ಬಿಲ್, ಪೂರ್ಣಾವಧಿ ಸೇವೆ ಮಾಡಿದವರಿಗೆ. ಬರೀ ಡ್ರಿಲ್‌ಗೆ ಬರುವವರಿಗೂ ಜಿಐ ಬಿಲ್ ನೆರವು ಸಿಗಲು 1984ರ ಕಾನೂನು ಬರಬೇಕಾಯಿತು. ಅದನ್ನು ಮುಂದೆ ನಿಂತು ತಂದವರು ಮಿಸಿಸಿಪ್ಪಿಯ ಸಂಸದ ಸನ್ನಿ ಮಾಂಟ್ಗೊಮರಿ. ಅವರು ಸ್ವತಃ ನ್ಯಾಷನಲ್ ಗಾರ್ಡ್‌ನಲ್ಲಿ ಸೇವೆ ಸಲ್ಲಿಸಿದವರು. ಒಳಗಿದ್ದು ಕಂಡವರಿಗೇ ಈ ಕೊರತೆ ಕಣ್ಣಿಗೆ ಬಿದ್ದಿತು.

2001ರ ನಂತರ ‘ಅರೆಕಾಲಿಕ’ ಎಂಬ ಮಾತೇ ಅರ್ಥ ಕಳೆದುಕೊಂಡಿತು. ಇರಾಕ್‌ಗೆ, ಅಫ್ಘಾನಿಸ್ತಾನಕ್ಕೆ ಗಾರ್ಡ್‌ನವರನ್ನು ತಿಂಗಳುಗಟ್ಟಲೆ ಕಳಿಸಿದರು. ಸೆಮಿಸ್ಟರ್ ನಡುವೆಯೇ ಕರೆ ಬಂದರೆ ಪುಸ್ತಕ ಮುಚ್ಚಿ ಹೊರಡಬೇಕು. ಮರಳಿ ಬಂದವರನ್ನು ಕಾಲೇಜು ಮತ್ತೆ ಸೇರಿಸಿಕೊಳ್ಳಬೇಕು ಎಂದು 2008ರಲ್ಲಿ ಕಾನೂನಾಯಿತು. ಆದರೆ ಅರ್ಧ ಓದಿದ ಪಾಠಕ್ಕೆ ಕ್ರೆಡಿಟ್ ಎಲ್ಲಿಂದ ಬರಬೇಕು? ಅಲ್ಲೇ ಕ್ಲೆಪ್ ನೆರವಿಗೆ ಬರುವುದು. ಓದಿದ್ದು ತಲೆಯಲ್ಲಿ ಇದ್ದರೆ ಪರೀಕ್ಷೆ ಬರೆದು ತೋರಿಸಬಹುದು. 2001ರಲ್ಲೇ ಈ ಪರೀಕ್ಷೆ ಕಂಪ್ಯೂಟರಿಗೆ ಬಂದಿದ್ದರಿಂದ ಬಹುತೇಕ ವಿಷಯಗಳಲ್ಲಿ ಅಂಕ ಆಗಲೇ ತಿಳಿಯುತ್ತದೆ.

ಈಗ ಗಾರ್ಡ್ ಮತ್ತು ರಿಸರ್ವ್‌ನವರಿಗೂ ಪ್ರತಿ ವಿಷಯದ ಮೊದಲ ಪ್ರಯತ್ನದ ಫೀಸನ್ನು ಡಾಂಟೆಸ್ ಕಟ್ಟುತ್ತದೆ. ಫೇಲಾದರೆ ಮೂರು ತಿಂಗಳು ಕಾಯಬೇಕು, ಆಮೇಲೆ ಕೈಯಿಂದ ದುಡ್ಡು. ಸೇನಾ ನೆಲೆಯ ಕೇಂದ್ರದಲ್ಲಿ ಬರೆದರೆ ಬೇರೆ ಖರ್ಚಿಲ್ಲ. ಆದರೆ ಅರೆಕಾಲಿಕ ಸೈನಿಕ ನೆಲೆಯಲ್ಲಿ ವಾಸ ಮಾಡುವುದಿಲ್ಲವಲ್ಲ! ಊರಿನ ಕಾಲೇಜಿನ ಕೇಂದ್ರಕ್ಕೆ ಹೋದರೆ ಅಲ್ಲಿನ ಶುಲ್ಕ ಬೇರೆ. ಭಾಷೆಗಳ ವಿಷಯವೂ ಹಾಗೆಯೇ. ಕ್ಲೆಪ್‌ನಲ್ಲಿ ಇರುವುದು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮಾತ್ರ. ಮನೆಯಲ್ಲಿ ಕನ್ನಡ ಕಲಿತ ಹುಡುಗಿಗೆ ಅಲ್ಲಿ ಜಾಗವಿಲ್ಲ.

ಫ್ಲಾರಿಡಾದಲ್ಲಿ ಯಾವ ಪರೀಕ್ಷೆಗೆ ಎಷ್ಟು ಕ್ರೆಡಿಟ್ ಎಂಬ ಒಂದೇ ಪಟ್ಟಿ ಎಲ್ಲ ಸರ್ಕಾರಿ ಕಾಲೇಜುಗಳಿಗೂ ಅನ್ವಯ. ಎಲ್ಲ ರಾಜ್ಯಗಳೂ ಹೀಗೆ ಮಾಡಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಅಲ್ಲಿಯವರೆಗೆ, ಫೀಸು ಪುಕ್ಕಟೆ ಎಂದು ಸುಮ್ನೆ ಪರೀಕ್ಷೆಗೆ ಕೂರುವ ಮುಂಚೆ, ಯಾವ ವಿಷಯ, ಎಷ್ಟು ಅಂಕ, ಎಷ್ಟು ಕ್ರೆಡಿಟ್ ಎಂಬುದನ್ನು ತಮ್ಮ ಕಾಲೇಜಿನಿಂದ ಬರಹದಲ್ಲೇ ಕೇಳಿ ಪಡೆಯಬೇಕು.